ನೆರಳು ಗಡಿಯಾರಕ್ಕೆ ಕೋಲು ಬೇಡ, ತೂತು ಸಾಕು

ನೆರಳು ಗಡಿಯಾರದ ಶಂಕು, ಅಂದರೆ ನೆರಳು ಬೀಳಿಸಿ ಹೊತ್ತು ತೋರಿಸುವ ಭಾಗ, ಕೋಲೋ ತ್ರಿಕೋನದ ಹಲಗೆಯೋ ಆಗಬೇಕಿಲ್ಲ. ನನಗೆ ತುಂಬಾ ಇಷ್ಟವಾದದ್ದು ಒಂದು ತಗಡಿನ ತೂತು.

ಕೋಲಿನ ನೆರಳಿಗೆ ಅಂಚು ಸರಿಯಾಗಿ ಇರುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ 1 ಮೀಟರ್ ದೂರದಲ್ಲಿ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತದೆ. ಅಂದರೆ ಹೊತ್ತು ಓದುವಾಗ 2 ನಿಮಿಷದ ಗೊಂದಲ. ತೂತಿನಿಂದ ಬೀಳುವುದು ಸೂರ್ಯನದೇ ದುಂಡು ಬಿಂಬ. ಅದರ ನಡು ಎಲ್ಲಿ ಅಂತ ಕಣ್ಣಿಗೆ ಸುಲಭವಾಗಿ ಗೊತ್ತಾಗುತ್ತದೆ. 1475ರ ಸುಮಾರಿಗೆ ಇಟಲಿಯ ಖಗೋಳಜ್ಞ ತೋಸ್ಕನೆಲ್ಲಿ ಫ್ಲಾರೆನ್ಸ್ ನಗರದ ದೊಡ್ಡ ಚರ್ಚಿನ ಗುಮ್ಮಟದಲ್ಲಿ, ನೆಲದಿಂದ ಸುಮಾರು 90 ಮೀಟರ್ ಎತ್ತರದಲ್ಲಿ, ಮಾಡಿದ್ದೂ ಇಂಥದ್ದೇ ತೂತು.

ಡಬ್ಬಿಯ ಮುಚ್ಚಳದಂಥ ತೆಳು ತಗಡು ತೆಗೆದುಕೊಳ್ಳಿ. ಅಂಗೈ ಅಗಲ ಇರಲಿ, ಬಿಂಬದ ಸುತ್ತ ನೆರಳು ಬೇಕಲ್ವಾ? ನಡುವೆ 4 ಮಿಲಿಮೀಟರ್ ತೂತು ಕೊರೆದು ಅಂಚನ್ನು ಉಜ್ಜಿ ನುಣುಪು ಮಾಡಿ. ನಾನು ಮೊದಲು 6 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ ಕೊರೆದಿದ್ದೆ. ಬಿಸಿಲು ಓರೆಯಾದ ಕೂಡಲೇ ತೂತಿನ ಗೋಡೆಯೇ ಬೆಳಕನ್ನು ತಡೆಯಿತು. ಬೆಳಗ್ಗೆ, ಸಂಜೆ ಏನೂ ಕಾಣಲಿಲ್ಲ. ದಪ್ಪ ಖಂಡಿತ ಬೇಡ.

ತಗಡನ್ನು ನೆಲದಿಂದ 1 ಮೀಟರ್ ಮೇಲೆ, ಮಧ್ಯಾಹ್ನದ ಸೂರ್ಯನತ್ತ ವಾಲಿಸಿ ಬಿಗಿಯಾಗಿ ಕಟ್ಟಿ. ಒಮ್ಮೆ ಅಲುಗಿದರೆ ಹಳೆಯ ಗುರುತುಗಳೆಲ್ಲ ದಂಡ.

ಗುರುತು ಹಾಕಲು ಒಂದು ಕಾರ್ಡಿನ ಮೇಲೆ ಬೇರೆ ಬೇರೆ ಅಳತೆಯ ಉಂಗುರಗಳನ್ನು ಬರೆದು, ನಡುವೆ ಸೂಜಿಯಿಂದ ಚುಚ್ಚಿ. ಬಿಂಬವನ್ನು ಉಂಗುರದ ನಡುವೆ ಕೂರಿಸಿ, ಸೂಜಿಯ ಜಾಗದಲ್ಲಿ ನೆಲಕ್ಕೆ ಚುಕ್ಕೆ ಇಡಿ. ಕೈಗಡಿಯಾರದಲ್ಲಿ ಸರಿಯಾಗಿ 12 ಆದಾಗ, ವಾರಕ್ಕೊಮ್ಮೆ. ತಾರೀಖನ್ನೂ ಬರೆಯಿರಿ.

ಚುಕ್ಕೆಗಳು ನೇರ ಗೆರೆಯಲ್ಲಿ ಬರುವುದಿಲ್ಲ. ಗಾಬರಿಯಾಗಬೇಡಿ, ನಿಮ್ಮ ತಪ್ಪಲ್ಲ. ನವೆಂಬರ್ ಮೊದಲಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ ನಡುವೆ 14 ನಿಮಿಷ ಹಿಂದೆ. ಭೂಮಿಯ ಓರೆ ಮತ್ತು ಅದರ ದಾರಿ ಪೂರ್ತಿ ದುಂಡಗಿಲ್ಲದಿರುವುದು ಇದಕ್ಕೆ ಕಾರಣ. ವರ್ಷ ತುಂಬುವ ಹೊತ್ತಿಗೆ ನೆಲದ ಮೇಲೆ ಇಂಗ್ಲಿಷಿನ 8ರಂಥ ಆಕಾರ ಮೂಡಿರುತ್ತದೆ. ಜೂನ್ ಕಡೆಯ ಸುತ್ತು ಕಿರಿದು, ಡಿಸೆಂಬರ್ ಕಡೆಯದು ಅಗಲ.

ಇಷ್ಟು ಕಾಯಲು ಆಗದಿದ್ದರೆ ದಾರದ ಶಂಕು ಮಾಡಿ. ನಿಮ್ಮ ಊರಿನ ಅಕ್ಷಾಂಶದಷ್ಟೇ ಓರೆಯಲ್ಲಿ, ಉತ್ತರ ದಕ್ಷಿಣವಾಗಿ ದಾರ ಬಿಗಿದು ಒಂದು ಮಣಿ ಪೋಣಿಸಿ. ಮೇಲಿನ ತುದಿ ನಿಮಗೆ ಹತ್ತಿರದ ಧ್ರುವದ ಕಡೆ ಇರಲಿ. ದಾರದ ನೆರಳು ಗಂಟೆ ಹೇಳುತ್ತದೆ, ಮಣಿಯ ನೆರಳು ತಿಂಗಳು ಹೇಳುತ್ತದೆ.