ಮಣ್ಣಿನ ಗೊಂಬೆ, ಒಂದು ಟಾರ್ಚ್ ಮತ್ತು ಗಂಡಭೇರುಂಡ: ನನ್ನ ಅನುಭವ

ಮಣ್ಣಿನ ಗೊಂಬೆ ನೋಡಿಕೊಂಡು ಕಂಪ್ಯೂಟರ್‌ನಲ್ಲಿ ಬರೆದ ಗಂಡಭೇರುಂಡದ ಚಿತ್ರ ಮುಗಿದು ಎರಡು ತಿಂಗಳಾಯಿತು. ಜೋಗದ ಕಣಿವೆಯಿಂದ ಮೇಲೇಳುತ್ತಿರುವ ಹಕ್ಕಿ, ಅದರ ಉಗುರಲ್ಲಿ ಒಂದು ಆನೆ, ಹಿಂದೆ ಮಳೆಗಾಲದ ಜೋಗ, ಎಡಗಡೆ ಒಂದು ಮಿಂಚು. "ಮಣ್ಣು ಕಲಸ್ತಾ ಕೂತ್ರೆ ಡಿಜಿಟಲ್ ಚಿತ್ರ ಆಗುತ್ತಾ ಮಾರಾಯ?" ಎಂದು ಕೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ. ಮುಂದೆ ಬರುವ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ: ಲೇಯರ್ ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಪದರ, ಮಲ್ಟಿಪ್ಲೈ ಅಂದರೆ ಕೆಳಗಿನ ಬಣ್ಣವನ್ನು ಕಡು ಮಾಡುವ ಕ್ರಮ.

ನನ್ನ ಊರು ಸಾಗರ. ಕೆಳದಿ ಇಲ್ಲೇ ಹತ್ತಿರ, ಸ್ಕೂಟರ್‌ನಲ್ಲಿ ಕಾಲು ಗಂಟೆ. ಅಲ್ಲಿನ ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಚಿಕ್ಕಂದಿನಿಂದ ಕತ್ತು ನೋಯುವಷ್ಟು ಹೊತ್ತು ನೋಡಿದ್ದೇನೆ. ಅದಕ್ಕೇ ಈ ಹಕ್ಕಿ ಸುಲಭವಾಗಿ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಮೊದಲ ಸಲ ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಮಿರರ್ ಟೂಲ್ ಹಾಕಿ ಬರೆದೆ. ಅರ್ಧ ಬರೆದರೆ ಇನ್ನರ್ಧ ತಾನೇ ಬರುತ್ತದಲ್ಲ. ನಾಲ್ಕು ದಿನದಲ್ಲಿ ಗೆರೆ ಮುಗಿಯಿತು. ಅಪ್ಪ ಬಂದು ನೋಡಿ, "ಇದು ಸಾರಿಗೆ ಬಸ್ಸಿನ ಮೇಲೆ ಇರುತ್ತಲ್ಲ, ಅದೇ ಅಲ್ವಾ?" ಅಂದರು. ಸರಿಯಾಗೇ ಹೇಳಿದ್ದರು. ಎರಡೂ ಕಡೆ ಒಂದೇ ಥರ ಇದ್ದರೆ ಅದು ಲಾಂಛನವಾಗುತ್ತದೆ, ಹಾರುವುದಿಲ್ಲ. ಆ ಫೈಲ್ ಅಳಿಸಿದೆ.

ಆಮೇಲೆ ಬಳ್ಳಿಗಾವಿಗೆ ಹೋದೆ. ಅಲ್ಲಿನ ಕಂಬದ ಮೇಲಿರುವುದು 1047ರ ಗಂಡಭೇರುಂಡ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ನೋಡಲು ಅದ್ಭುತ, ಆದರೆ ಹಾರಿಸಬೇಕಾದ ನನಗೆ ಆ ಮೈ ಒಗ್ಗಲಿಲ್ಲ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಇದೇ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದುಕೊಂಡಿದೆ. ಅದರಿಂದ ಒಂದು ಆನೆಯನ್ನು ಮಾತ್ರ ತೆಗೆದುಕೊಂಡೆ. ನಾಲ್ಕು ಆನೆ ಹಾಕಿದರೆ ನೋಡುವವರು ಆನೆ ಎಣಿಸುತ್ತಾ ಕೂರುತ್ತಾರೆ.

ಎರಡನೇ ಪ್ರಯತ್ನ ಫೋಟೊ ಜೋಡಿಸುವುದು. ಹೊನ್ನಾವರದ ಬಂದರಿಗೆ ಎರಡು ಸಲ ಹೋಗಿ ಗರುಡ, ಹದ್ದುಗಳ ಫೋಟೊ ತೆಗೆದೆ. ಸುಮಾರು 300 ಆಗಿರಬೇಕು. ಬಸ್ಸು, ಊಟ, ಬಾಡಿಗೆ ಲೆನ್ಸು ಸೇರಿ 2,500 ಹತ್ತಿರ ಖರ್ಚು. ರೆಕ್ಕೆಗಳೇನೋ ಚೆನ್ನಾಗಿ ಸಿಕ್ಕವು. ಆದರೆ ಒಂದೊಂದು ಫೋಟೊದಲ್ಲಿ ಬಿಸಿಲು ಒಂದೊಂದು ಕಡೆಯಿಂದ. ಎಡತಲೆಗೆ ಬೆಳಗಿನ ಬೆಳಕು, ಬಲತಲೆಗೆ ಮಧ್ಯಾಹ್ನದ್ದು. ಎಷ್ಟು ತಿದ್ದಿದರೂ ಎರಡು ಹಕ್ಕಿಯನ್ನು ಹೊಲಿದ ಹಾಗೆ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಕತ್ತು. ಒಂದು ಮೈಯಿಂದ ಎರಡು ಕತ್ತು ಕವಲೊಡೆಯುವ ಜಾಗದ ಫೋಟೊ ಯಾವ ಬಂದರಿನಲ್ಲೂ ಸಿಗುವುದಿಲ್ಲ.

ಬೆಂಗಳೂರಿನ ಗೇಮ್ ಸ್ಟುಡಿಯೊದಲ್ಲಿರುವ ಗೆಳೆಯ "ಬ್ಲೆಂಡರ್‌ನಲ್ಲಿ ಮಾಡೋ, ಬೇಕಾದ ಕಡೆ ಲೈಟ್ ಇಡಬಹುದು" ಅಂದ. ಹತ್ತು ದಿನ ಕೂತೆ. 3ಡಿ ಆಕಾರ ಮಾಡುವ ಸಾಫ್ಟ್‌ವೇರ್ ಅದು, ಒಳ್ಳೆಯದೇ, ಆದರೆ ನನ್ನ 8 ಜಿಬಿ ಲ್ಯಾಪ್‌ಟಾಪ್‌ಗೆ ಅದು ಭಾರ, ನನ್ನ ಕೈಗೂ ಕೂಡಿಬರಲಿಲ್ಲ. ಇನ್ನೊಬ್ಬ "ಎಐಗೆ ಹೇಳು, ಐದು ನಿಮಿಷದ ಕೆಲಸ" ಅಂದ. ನಾನು ಕೇಳಲಿಲ್ಲ. ಆ ಕತ್ತು ಎಲ್ಲಿ ಕವಲೊಡೆಯುತ್ತದೆ ಅಂತ ನನ್ನ ಕೈಗೇ ಗೊತ್ತಾಗಬೇಕಿತ್ತು.

ಸಾಗರದಲ್ಲಿದ್ದವರಿಗೆ ಗುಡಿಗಾರರು ಗೊತ್ತು. ಗಂಧದ ಕೆತ್ತನೆಯವರು. ನಮ್ಮ ಬೀದಿಯ ಹಿಂದೆ ಒಬ್ಬ ಗುಡಿಗಾರ ಅಜ್ಜ ಇದ್ದಾರೆ. ಚೌತಿಗೆ ಗಣಪತಿಯನ್ನೂ ಮಾಡುತ್ತಾರೆ. ಒಂದು ಸಂಜೆ ಅವರ ಜಗಲಿಯಲ್ಲಿ ಸುಮ್ನೆ ಕೂತಿದ್ದೆ. ಅಜ್ಜ ಗಣಪತಿಯ ಸೊಂಡಿಲನ್ನು ಹೊಟ್ಟೆಗೆ ಕೂಡಿಸುತ್ತಿದ್ದರು. ಹೆಬ್ಬೆರಳಿನಿಂದ ಒಂದೇ ಸಲ ಒತ್ತಿದರು, ಆ ಸಂದಿಯಲ್ಲಿ ನೆರಳು ಬಿತ್ತು. ನನಗೆ ಬೇಕಾಗಿದ್ದದ್ದು ಅದೇ ನೆರಳು. ಕೇಳಿದ್ದಕ್ಕೆ ಒಂದು ದೊಡ್ಡ ಉಂಡೆ ಜೇಡಿಮಣ್ಣು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲ ಗೊಂಬೆಯ ರೆಕ್ಕೆ ಬೆಳಗಾಗುವಷ್ಟರಲ್ಲಿ ಕೆಳಗೆ ಬಿದ್ದಿತ್ತು. ಎರಡನೆಯದು ಒಣಗಿ ಬಿರುಕುಬಿಟ್ಟು ಎರಡು ಕತ್ತೂ ಕಳಚಿಕೊಂಡವು. ಅಜ್ಜ ನೋಡಿ, "ತಮ್ಮಾ, ಒಳಗೆ ಮೂಳೆ ಬೇಡ್ವನಾ?" ಅಂದರು. ಮೂರನೆಯದಕ್ಕೆ ಕಟ್ಟಡಕ್ಕೆ ಬಳಸುವ ಬೈಂಡಿಂಗ್ ವೈರ್ ಸುತ್ತಿ ಅಸ್ಥಿಪಂಜರ ಮಾಡಿದೆ. ಮಣ್ಣಿಗೆ ಹತ್ತಿ ಬಿಡಿಸಿ ಕಲಸಿದೆ. ರೆಕ್ಕೆಗೆ ರಟ್ಟು, ಅದರ ಮೇಲೆ ತೆಳ್ಳಗೆ ಮಣ್ಣು. ಒಂದೂಕಾಲು ಅಡಿ ಎತ್ತರದ ಗೊಂಬೆ ನಿಂತಿತು. ಮಣ್ಣಿಗೆ ಅಜ್ಜ ಇನ್ನೊಂದು ಸಾಮಾನನ್ನೂ ಹಾಕಿಸಿದರು. ಅದು ಅವರ ಮನೆತನದ್ದು, ಇಲ್ಲಿ ಬರೆಯುವುದಿಲ್ಲ.

ಮಾಡುತ್ತಾ ಮಾಡುತ್ತಾ ಕತ್ತಿನ ಲೆಕ್ಕ ಸಿಕ್ಕಿತು. ಎರಡು ಕತ್ತನ್ನು ಒಂದೇ ಬಿಂದುವಿನಿಂದ ಎಬ್ಬಿಸಿದರೆ ಕವಣೆಯ ಕೋಲಿನ ಹಾಗೆ ಕಾಣುತ್ತದೆ. ಎದೆಯನ್ನು ಅಗಲ ಮಾಡಿ, ಒಂದು ಕತ್ತಿನ ಬುಡವನ್ನು ಸ್ವಲ್ಪ ಮುಂದೆ, ಇನ್ನೊಂದನ್ನು ಸ್ವಲ್ಪ ಹಿಂದೆ ಇಟ್ಟೆ. ಆಗ ಮುಂದಿನ ಕತ್ತಿನ ನೆರಳು ಹಿಂದಿನದರ ಮೇಲೆ ಬೀಳುತ್ತದೆ, ಎರಡೂ ಒಂದೇ ಮೈಯದು ಅನ್ನಿಸುತ್ತದೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಈ ಒಂದು ನೆರಳಿನ ಬಗ್ಗೆ.

ಇನ್ನು ಬೆಳಕು. ರಾತ್ರಿ ಕೋಣೆಯ ದೀಪ ಆರಿಸಿ, ಮಿಂಚಿಗೆ ಅಂತ ಎಡಗಡೆ ಒಂದು ಟಾರ್ಚ್, ಅದರ ಬಾಯಿಗೆ ನೀಲಿ ಜೆಲಾಟಿನ್ ಕಾಗದ. ಕೆಳಗಿನಿಂದ ನೀರಿನ ಬೆಳಕು ಬರಬೇಕಲ್ಲ, ಅದಕ್ಕೆ ಒಂದು ಬಿಳಿ ತಟ್ಟೆ ಇಟ್ಟು ಪ್ರತಿಫಲಿಸಿದೆ. ಮೊದಲ ರಾತ್ರಿಯ 60-70 ಫೋಟೊ ದಂಡವಾದವು. ಮಣ್ಣು ಇನ್ನೂ ಹಸಿಯಾಗಿತ್ತು. ಹಸಿ ಮಣ್ಣು ಹೊಳೆಯುತ್ತದೆ, ಆ ಹೊಳಪಿನಲ್ಲಿ ಆಕಾರ ಕಾಣುವುದಿಲ್ಲ. ಪೂರ್ತಿ ಒಣಗಿದ ಮೇಲೆ ನೋಡಿದರೆ ಬಣ್ಣ ತೀರಾ ಬಿಳಿಚಿ ನೆರಳು ತೆಳುವಾಗುತ್ತದೆ. ಅರ್ಧ ಒಣಗಿ, ಉಗುರು ಊರಿದರೆ ಗೆರೆ ಬೀಳುವಂತಿದ್ದು ಕೈಗೆ ಮಾತ್ರ ಅಂಟದ ಹದ ಇದೆಯಲ್ಲ, ಆಗ ತೆಗೆಯಬೇಕು. ಆಗ ಮಳೆಗಾಲ, ಮೂರನೇ ದಿನಕ್ಕೆ ಆ ಹದ ಬಂತು. ಆಮೇಲೆ ಕೊಕ್ಕು ಮತ್ತು ಕಣ್ಣಿಗೆ ಮಾತ್ರ ಬೆರಳಿನಿಂದ ನೀರು ಮುಟ್ಟಿಸಿ ಮತ್ತೊಮ್ಮೆ ತೆಗೆದೆ. ಒದ್ದೆ ಕೊಕ್ಕಿನ ಹೊಳಪು ಎಲ್ಲಿ ಕೂರುತ್ತದೆ ಅಂತ ಹಾಗೆ ಗೊತ್ತಾಯಿತು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಕೋಳಿ ಅಂಗಡಿಯಿಂದ ಒಂದು ಚೀಲ ಪುಕ್ಕ ತಂದು ತೊಳೆದು ಒಣಗಿಸಿ ಗೊಂಬೆಗೆ ಚುಚ್ಚಿದೆ. ಮನೆಯಲ್ಲಿ ಎರಡು ದಿನ ವಾಸನೆ. ಬೆಳಕಿಗೆ ಏನೂ ಉಪಯೋಗವಾಗಲಿಲ್ಲ, ಕೋಳಿ ಪುಕ್ಕಕ್ಕೂ ಹದ್ದಿನ ಪುಕ್ಕಕ್ಕೂ ಅಜಗಜಾಂತರ. ಆದರೆ ಒಂದು ಪುಕ್ಕವನ್ನು ನೀರಲ್ಲಿ ಅದ್ದಿ ನೋಡಿದಾಗ ಅದರ ಎಳೆಗಳು ಮೂರು ನಾಲ್ಕು ಸೇರಿ ಗುಂಪಾಗಿ ಅಂಟಿಕೊಂಡವು, ನಡುವೆ ಸಂದಿ ಬಿಟ್ಟವು. ಚಿತ್ರದ ಒದ್ದೆ ರೆಕ್ಕೆ ಹಾಗೇ ಇದೆ. ಒಂದೊಂದು ಎಳೆ ಬರೆಯುವ ಕಷ್ಟವೂ ತಪ್ಪಿತು.

ಬರೆಯುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಫೋಟೊದ ಮೇಲೆ ಟ್ರೇಸ್ ಮಾಡಲಿಲ್ಲ, ಪಕ್ಕದಲ್ಲಿಟ್ಟುಕೊಂಡು ಬರೆದೆ. ಮೊದಲು ಬೂದು ಬಣ್ಣದಲ್ಲಿ ಐದೇ ಛಾಯೆ. ಆಗಾಗ ಎಂ ಕೀ ಒತ್ತಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ನೋಡುತ್ತಿದ್ದೆ. ಬೂದಿನ ಮೇಲೆ ಕಲರ್ ಮೋಡ್‌ನಲ್ಲಿ (ಕೆಳಗಿನ ಛಾಯೆ ಉಳಿಸಿ ಬಣ್ಣ ಮಾತ್ರ ಸೇರಿಸುವ ಕ್ರಮ) ಬಣ್ಣ ಹಾಕಿದಾಗ ಎಲ್ಲ ಬೂದಿಯಲ್ಲಿ ಹೊರಳಿದ ಹಾಗೆ ಸತ್ತುಹೋಯಿತು. ಇದು ನಿಮಗೂ ಆಗಿರುತ್ತದೆ. ನಾನು ಮಾಡಿದ್ದು ಇಷ್ಟು: ನೆರಳಿಗೆ ಮಲ್ಟಿಪ್ಲೈನಲ್ಲಿ ಕೆಂಪು ಕಲೆತ ನೇರಳೆ, ಬೆಳಕಿಗೆ ತಣ್ಣನೆಯ ನೀಲಿ, ನೆರಳು ಬೆಳಕು ಕೂಡುವ ಅಂಚಿನಲ್ಲಿ ಮಾತ್ರ ಕಡು ಕಿತ್ತಳೆ. ಆಮೇಲೆ ಎಲ್ಲವನ್ನೂ ಒಂದು ಲೇಯರ್ ಮಾಡಿ ಅದರ ಮೇಲೆ ಸಾದಾ ಬ್ರಷ್‌ನಲ್ಲಿ ದಪ್ಪ ಬಣ್ಣ.

ಜೋಗದ ಅಳತೆ ತುಂಬಾ ಕಾಡಿತು. ಜಲಪಾತ 253 ಮೀಟರ್, ಆನೆ ಮೂರು ಮೀಟರ್ ಹತ್ತಿರ ಅಷ್ಟೇ. ಲೆಕ್ಕದಂತೆ ಬರೆದರೆ ಆನೆ ಇರುವೆಯಾಗುತ್ತದೆ. ಆನೆ ಕಾಣುವಂತೆ ಬರೆದರೆ ಜೋಗ ನಲ್ಲಿಯ ನೀರಾಗುತ್ತದೆ. ಐದಾರು ಸಲ ಅಳಿಸಿದೆ. ಕೊನೆಗೆ ಹಕ್ಕಿಯನ್ನು ನಮ್ಮ ಹತ್ತಿರ ತಂದು, ಅದಕ್ಕೂ ನೀರಿಗೂ ನಡುವೆ ಮೂರು ಪದರ ಮಂಜು ಹಾಕಿದೆ. ಹಿಂದೆ ಹೋದಂತೆ ಕಪ್ಪು ತಿಳಿಯಾಗಬೇಕು, ಅಂಚು ಕರಗಬೇಕು. ರಾಜ, ರಾಣಿ ಎರಡೇ ಧಾರೆ ಸ್ಪಷ್ಟ, ರೋರರ್ ಮತ್ತು ರಾಕೆಟ್ ಮಂಜಿನೊಳಗೆ. ರಾಜನ ಮುಂದೆ ಚುಕ್ಕಿಯಷ್ಟು ಹಕ್ಕಿಗಳ ಹಿಂಡು ಇಟ್ಟ ಕೂಡಲೇ ನೀರು ನಿಜವಾದ ಎತ್ತರಕ್ಕೆ ಏರಿತು. ಮಳೆಯ ಬ್ರಷ್ ನಾನೇ ಮಾಡಿದ್ದು. ಅದರ ಸೆಟ್ಟಿಂಗ್ ಮಾತ್ರ ಕೇಳಬೇಡಿ. ಅದಕ್ಕೆ ಒಂದು ವಾರ ಹಿಡಿದಿದೆ.

ಚಿತ್ರ ಎ2 ಕಾಗದದ ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕಿ), ಅಂದರೆ 4961 ಗುಣಿಸು 7016 ಪಿಕ್ಸೆಲ್. ತುಂಬಿದ ಲೇಯರ್ ಒಂದಕ್ಕೆ 140 ಎಂಬಿ ಹತ್ತಿರ ಬೇಕು. 30 ಲೇಯರ್ ಆಗುವಷ್ಟರಲ್ಲಿ ಲ್ಯಾಪ್‌ಟಾಪ್ ನಿಂತೇಹೋಯಿತು, ಮೂರು ಗಂಟೆಯ ಕೆಲಸ ಹೋಯಿತು. ಅವತ್ತಿನಿಂದ ಬೂದಿನ ಹಂತವನ್ನು ಅರ್ಧ ಅಳತೆಯಲ್ಲಿ ಮುಗಿಸಿ ಆಮೇಲೆ ದೊಡ್ಡದು ಮಾಡುತ್ತೇನೆ. ಅರ್ಧ ಗಂಟೆಗೊಮ್ಮೆ ಕಂಟ್ರೋಲ್ ಆಲ್ಟ್ ಎಸ್ ಒತ್ತಿ ಹೊಸ ಪ್ರತಿಯಾಗಿ ಸೇವ್ ಮಾಡುತ್ತೇನೆ. ನಮ್ಮ ಕಡೆ ಜಡಿಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು.

ದುಡ್ಡಿನ ವಿಷಯ. ಹಳೆಯ ಪೆನ್ ಟ್ಯಾಬ್ಲೆಟ್ 4,000 ಚಿಲ್ಲರೆ, ರ‍್ಯಾಮ್ 16 ಜಿಬಿ ಮಾಡಿಸಲು 2,400. ವೈರು, ಟಾರ್ಚು, ಕಾಗದ ಎಲ್ಲ ಸೇರಿ 400 ಇರಬಹುದು. ಕ್ರಿಟಾಕ್ಕೆ ದುಡ್ಡಿಲ್ಲ. ಒಬ್ಬ ಪ್ರಕಾಶಕರು ಇದನ್ನೇ ಮುಖಪುಟಕ್ಕೆ ಅಂತ 6,000 ಒಪ್ಪಿ, ಕೊನೆಗೆ ಬೇಡ ಅಂದರು. ಅಡ್ವಾನ್ಸ್ ಕೇಳಿರಲಿಲ್ಲ. ಈಗ ಅರ್ಧ ದುಡ್ಡು ಬರದೆ ಗೆರೆ ಎಳೆಯುವುದಿಲ್ಲ.

ಪ್ರಿಂಟ್‌ನಲ್ಲೂ ಪೆಟ್ಟು ತಿಂದೆ. ಶಿವಮೊಗ್ಗದಲ್ಲಿ ಕ್ಯಾನ್ವಾಸ್ ಮೇಲೆ ತೆಗೆಸಿದ ಮೊದಲ ಪ್ರತಿಗೆ 1,100 ಕೊಟ್ಟೆ. ಮಿಂಚಿನ ನೀಲಿ ಮಂಕಾಗಿ ನೇರಳೆಗೆ ತಿರುಗಿತ್ತು, ಎದೆಯ ಆ ನೆರಳು, ಅಷ್ಟು ಕಷ್ಟಪಟ್ಟು ತಂದದ್ದು, ಬರೀ ಕಪ್ಪು. ತಪ್ಪು ನನ್ನದೇ. ಪರದೆಯ ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಂಡು ಬರೆದಿದ್ದೆ. ಅದನ್ನು 40ಕ್ಕೆ ಇಳಿಸಿ, ಸಾಫ್ಟ್ ಪ್ರೂಫ್ (ಪ್ರಿಂಟ್‌ನಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವುದು) ಹಾಕಿಕೊಂಡು, ನೆರಳುಗಳನ್ನೆಲ್ಲ ಒಂದು ಮೆಟ್ಟಿಲು ಮೇಲೆತ್ತಿದೆ. ನೀಲಿಯನ್ನು ಹಸಿರಿನ ಕಡೆ ಚೂರು ಎಳೆದೆ. ಎರಡನೇ ಪ್ರತಿ ಸರಿಬಂತು. ಅದರಿಂದ ಎ3 ಅಳತೆಯಲ್ಲಿ 40 ಪ್ರತಿ ಮಾಡಿಸಿ ತಲಾ 600ಕ್ಕೆ ಮಾರಿದೆ. ಮೂರು ಉಳಿದಿವೆ. ಖರ್ಚೆಲ್ಲ ಹುಟ್ಟಿ ಕೈಯಲ್ಲಿ ಏಳೆಂಟು ಸಾವಿರ ನಿಂತಿತು. ಸುಮಾರು 80 ಗಂಟೆ ಕೂತಿದ್ದೆ. ಗಂಟೆಯ ಲೆಕ್ಕಕ್ಕೆ ಅದು ಕಡಿಮೆಯೇ, ಆದರೆ ಇದನ್ನು ನೋಡಿ ಎರಡು ಹೊಸ ಕೆಲಸ ಬಂದಿವೆ. ಬ್ಲೆಂಡರ್ ಗೆಳೆಯ ತನ್ನ ಸ್ಟುಡಿಯೊದ ಗೋಡೆಗೆ ಅಂತ ಎರಡು ಪ್ರತಿ ತೆಗೆದುಕೊಂಡ.

ಎ3 ಪ್ರತಿಗಳಲ್ಲಿ ಮೊದಲನೆಯದನ್ನು ಅಜ್ಜನಿಗೆ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆನೆ ಭಾರ ಇದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಡಗಾಲಿನ ಹಿಂದಿನ ಉಗುರು ಇನ್ನೂ ಒಳಗೆ ಊರಬೇಕಿತ್ತು" ಅಂದರು. ಮನೆಗೆ ಬಂದು ಗೊಂಬೆ ನೋಡಿದೆ. ಗೊಂಬೆಯಲ್ಲಿ ಸರಿಯಾಗಿ ಊರಿತ್ತು, ಬರೆಯುವಾಗ ನಾನೇ ಬಿಟ್ಟಿದ್ದೆ. ಉಳಿದ ಪ್ರತಿಗಳಿಗೆ ಅದನ್ನು ತಿದ್ದಿದೆ.

ಗೊಂಬೆಯನ್ನು ಹೋದ ವಾರ ಒಡೆದು, ವೈರು ಬಿಡಿಸಿ, ಮಣ್ಣನ್ನು ಮತ್ತೆ ಬಕೆಟ್‌ನಲ್ಲಿ ನೆನೆಹಾಕಿದ್ದೇನೆ. ಮುಂದಿನದು ಶರಭ. ಎಂಟು ಕಾಲು. ಈ ಸಲ ವೈರು ಜಾಸ್ತಿ ತರಬೇಕು.