ನನ್ನ ಜೀಪಿನ ಹೆಡ್‌ಲೈಟಿಗೆ ಬೆಳಕು ಬಂದ ಬಗೆ

ಒಂದು ರಾತ್ರಿ ಕಲ್ಲುಗುಂಡುಗಳ ಇಳಿಜಾರಿನಲ್ಲಿ ಜೀಪು ಇಳಿಸುತ್ತಿದ್ದೆ. ಲೋ ರೇಂಜ್ (ಗಾಡಿ ತೀರಾ ನಿಧಾನವಾಗಿ, ಹೆಚ್ಚು ಬಲದಿಂದ ಚಲಿಸುವ ಗೇರು), ಫಸ್ಟ್ ಗೇರ್, ಎಂಜಿನ್ ಐಡ್ಲಿಂಗಿನಲ್ಲಿ. ಹೆಡ್‌ಲೈಟು ಹಳದಿಗೆ ತಿರುಗಿ ಮಂಕಾಗಿತ್ತು. ಮುಂದಿನ ಕಲ್ಲು ಎಷ್ಟೆತ್ತರ ಇದೆ, ಅದರ ಆಚೆ ನೆಲ ಇದೆಯೋ ಗುಂಡಿ ಇದೆಯೋ, ಒಂದೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಜೊತೆಗಿದ್ದ ಗೆಳೆಯ ಕೆಳಗಿಳಿದು ಟಾರ್ಚ್ ಹಿಡಿದು ಮುಂದೆ ಮುಂದೆ ನಡೆದ. ಅವನ ಹಿಂದೆ ನಾನು ಗಾಡಿ ಬಿಟ್ಟೆ. ಅವನ ಕಾಲಿನ ಹಿಂದೆಯೇ ಚಕ್ರ ಉರುಳುತ್ತಿತ್ತು. ಅವನು ಜಾರಿಬಿದ್ದಿದ್ದರೆ? ಅವತ್ತೇ ತೀರ್ಮಾನ ಮಾಡಿದೆ, ಈ ಲೈಟು ಸರಿಮಾಡದೆ ಇನ್ನು ರಾತ್ರಿ ಗಾಡಿ ತೆಗೆಯುವುದಿಲ್ಲ.

ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ. ಮುಂದೆ 7 ಇಂಚಿನ ದುಂಡನೆಯ ಎರಡು ಲೈಟು. ಒಳಗೆ 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಬಲ್ಬು. ಎಚ್4 ಅಂದರೆ ಹೈ ಬೀಮು, ಲೋ ಬೀಮು ಎರಡಕ್ಕೂ ಒಂದೇ ಬಲ್ಬು; ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಬೆಳಕು ಕಮ್ಮಿ ಅಂದರೆ ದೊಡ್ಡ ಬಲ್ಬು ಹಾಕಬೇಕು ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ, ನನಗೂ ಹಾಗೇ ಆಯಿತು. 100/90 ವ್ಯಾಟಿನ ಬಲ್ಬು ತಂದು ಹಾಕಿದೆ. ಸ್ವಲ್ಪ ಜಾಸ್ತಿ ಬೆಳಕು ಬಂದ ಹಾಗೆ ಕಂಡಿತು. ಮೂರನೇ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಲ್ಬಿನ ಹೋಲ್ಡರ್ ಎಳೆದು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಮೇಣದ ಹಾಗೆ ಕರಗಿ ಇಳಿದಿತ್ತು. ವೈರಿನ ತುದಿ ಮುಟ್ಟಿದರೆ ಗಟ್ಟಿಯಾಗಿ ಚಟಕ್ಕನೆ ಮುರಿಯಿತು. ಎರಡೂ ಬಲ್ಬು ಹೈ ಬೀಮಿನಲ್ಲಿ ಉರಿದರೆ 15 ಆಂಪಿಯರ್ ಮೇಲೆ ಕರೆಂಟು ಹರಿಯಬೇಕು. ಹಳೆಯ ಸಣ್ಣ ವೈರು, ಹಳೆಯ ಸ್ವಿಚ್ಚು, ಅದನ್ನು ಎಲ್ಲಿಂದ ತಡೆದುಕೊಳ್ಳಬೇಕು?

ಆಮೇಲೆ ಮಲ್ಟಿಮೀಟರ್ ಕೈಗೆ ತೆಗೆದುಕೊಂಡೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಹೋಲ್ಡರ್ ಬಿಚ್ಚಿ ಖಾಲಿ ಪಿನ್ನಿನಲ್ಲಿ ನೋಡಿದರೆ ವೋಲ್ಟೇಜ್ ಪೂರ್ತಿ ತೋರಿಸುತ್ತದೆ, ಏಕೆಂದರೆ ಆಗ ಕರೆಂಟೇ ಹರಿಯುತ್ತಿರುವುದಿಲ್ಲ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಹಳೆಯ ಬಲ್ಬು ವಾಪಸ್ ಹಾಕಿ, ಎಂಜಿನ್ ಚಾಲೂ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 13.9 ವೋಲ್ಟ್. ಬಲ್ಬಿನ ಪಿನ್ನಿನಲ್ಲಿ 11.6. ನಡುವೆ 2.3 ವೋಲ್ಟ್ ಕಾಣೆ!

ಎಲ್ಲಿ ಹೋಯಿತು ಅಂತ ಹುಡುಕುವುದೂ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಬಲ್ಬಿನ ಪಾಸಿಟಿವ್ ಪಿನ್ನಿಗೆ ಇಟ್ಟರೆ ಆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ನೇರ ತೋರಿಸುತ್ತದೆ. ನನ್ನ ಗಾಡಿಯಲ್ಲಿ 1.5. ಅದೇ ರೀತಿ ಬ್ಯಾಟರಿಯ ನೆಗೆಟಿವ್‌ನಿಂದ ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ವಾಪಸಾಗುವ ಕಡೆ) ನೋಡಿದೆ, 0.8. ಅಂದರೆ ಮೂರರಲ್ಲೊಂದು ಪಾಲು ಅರ್ತಿನಲ್ಲೇ ಪೋಲಾಗುತ್ತಿತ್ತು. ಮಡ್‌ಗಾರ್ಡಿನ ಒಳಗೆ ಒಂದು ಸ್ಕ್ರೂ, ಅದರ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಪೇಂಟು. ಅದಕ್ಕೇ ಅರ್ತ್ ವೈರು ಕಟ್ಟಿದ್ದರು. ಪೇಂಟು ಕೆರೆದು, ಹೊಳೆಯುವ ಲೋಹ ಕಾಣುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿದೆ. ಅಷ್ಟಕ್ಕೇ 0.8 ಇಳಿದು 0.1 ಆಯಿತು. ಖರ್ಚು ಏನೂ ಇಲ್ಲ ಅನ್ನಬೇಕು, ಆದರೆ ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೇ ಗೊತ್ತಾಯಿತು. ಹ್ಯಾಲೊಜೆನ್ ಬಲ್ಬಿನ ಗುಣವೇ ಹಾಗೆ. ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ.

ಉಳಿದ 1.5 ವೋಲ್ಟಿಗೆ ರಿಲೇ ಬೇಕಾಯಿತು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು ಅದು. ಹಳೆಯ ವೈರಿಂಗಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಹೈ-ಲೋ ಬದಲಿಸುವ ಡಿಪ್ಪರ್ ಸುತ್ತಿ ಮತ್ತೆ ಮುಂದೆ ಬರುತ್ತಿತ್ತು. ರಿಲೇ ಹಾಕಿದರೆ ಸ್ವಿಚ್ಚು ಬರೀ ರಿಲೇಗೆ ಸನ್ನೆ ಮಾಡುತ್ತದೆ, ಭಾರದ ಕರೆಂಟು ಬ್ಯಾಟರಿಯಿಂದ ನೇರ ಲೈಟಿಗೆ ಬರುತ್ತದೆ. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು, ಎರಡು ರಿಲೇ ಹಾಕಿದೆ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: ಹಳೆಯ ಹೋಲ್ಡರಿನಿಂದ ಬರುವ ಸಿಗ್ನಲ್ 86ಕ್ಕೆ, 85 ಅರ್ತಿಗೆ, ಬ್ಯಾಟರಿ 30ಕ್ಕೆ, 87ರಿಂದ ಲೈಟಿಗೆ. 2.5 ಚದರ ಮಿಲಿಮೀಟರಿನ ವೈರು. ಪ್ರತಿ ರಿಲೇಗೂ ಬೇರೆ ಬೇರೆ 15 ಆಂಪಿಯರ್ ಫ್ಯೂಸು. ಎರಡಕ್ಕೂ ಸೇರಿಸಿ ಒಂದೇ ಫ್ಯೂಸು ಹಾಕಿದರೆ, ಅದು ಹಾರಿದ ಕ್ಷಣ ತಿರುವಿನಲ್ಲಿ ಪೂರ್ತಿ ಕತ್ತಲೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ದೂರ ಇಟ್ಟರೆ ನಡುವಿನ ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಬೆಂಕಿ ತಡೆಯುವವರು ಯಾರೂ ಇರುವುದಿಲ್ಲ. ರಿಲೇಗಳನ್ನು ಪಿನ್ನು ಕೆಳಗೆ ಬರುವ ಹಾಗೆ ಕೂರಿಸಿದೆ, ನೀರು ನಿಲ್ಲಬಾರದು ಅಂತ.

ಒಂದು ಎಚ್ಚರಿಕೆ. ಕೆಲವು ಜಪಾನೀ ಗಾಡಿಗಳಲ್ಲಿ ಪಾಸಿಟಿವ್ ಯಾವಾಗಲೂ ಬಲ್ಬಿಗೆ ಬರುತ್ತದೆ, ಸ್ವಿಚ್ಚು ಅರ್ತಿನ ಕಡೆ ಇರುತ್ತದೆ. ಅಂಥ ಗಾಡಿಗೆ ನಾನು ಹೇಳಿದ ಜೋಡಣೆ ಹೊಂದುವುದಿಲ್ಲ. ಮೊದಲು ಮೀಟರ್ ಇಟ್ಟು ಯಾವ ಪಿನ್ನು ಏನು ಅಂತ ನೋಡಿಕೊಳ್ಳಿ.

ಎಲ್ಲ ಮುಗಿದ ಮೇಲೆ ಬಲ್ಬಿನ ಪಿನ್ನಿನಲ್ಲಿ 13.5 ವೋಲ್ಟ್ ಬಂತು. ಅದೇ ಹಳೆಯ 60/55 ಬಲ್ಬು, ಆದರೆ ಬೇರೆಯೇ ಗಾಡಿಯ ಹಾಗಿತ್ತು. ಇಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೂ ಐಡ್ಲಿಂಗಿನಲ್ಲಿ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಕರೆಂಟಿನ ಯಂತ್ರ) ಎಳೆದಾಗ ಲೈಟು ಇಳಿಯುತ್ತಿತ್ತು, ಕಲ್ಲು ದಾರಿಯ ಕುಲುಕಾಟಕ್ಕೆ ಫಿಲಮೆಂಟು ಕಿತ್ತುಹೋಗುತ್ತಿತ್ತು. ಹಾಗಾಗಿ ಎಲ್‌ಇಡಿ ಕಡೆ ಬಂದೆ.

ಮೊದಲು ಹಳೆಯ ಗಾಜಿನ ಯೂನಿಟ್ಟಿಗೇ ಎಲ್‌ಇಡಿ ಬಲ್ಬು ಹಾಕಿ ನೋಡಿದೆ. ಗಾಡಿಯ ಮೂತಿಯ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳಕು. ದೂರಕ್ಕೆ ನೋಡಿದರೆ ಕತ್ತಲೆ. ನಾನೇ ಎದುರಿಗೆ ಹೋಗಿ ನಿಂತರೆ ಲೋ ಬೀಮಿನಲ್ಲೂ ಕಣ್ಣು ಬಿಡಲಾಗಲಿಲ್ಲ. ಕಾರಣ ಸರಳ. ಎಚ್4 ಬಲ್ಬಿನಲ್ಲಿ ಲೋ ಬೀಮಿನ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಹೋಗದ ಹಾಗೆ ಅದು ತಡೆಯುತ್ತದೆ. ಹಿಂದಿನ ರಿಫ್ಲೆಕ್ಟರನ್ನು ಆ ಫಿಲಮೆಂಟು ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಲೆಕ್ಕ ಕೆಡುತ್ತದೆ. ಎದುರಿಗೆ ಬರುವವರ ಕಣ್ಣು ಕುಕ್ಕಿಸಿ ನಾವು ದಾರಿ ನೋಡುವುದು ಸರಿಯಲ್ಲ ಅಲ್ವಾ? ಬಹಳ ದೇಶಗಳಲ್ಲಿ ಕಾನೂನೂ ಒಪ್ಪುವುದಿಲ್ಲ. ಮಾರನೇ ದಿನವೇ ತೆಗೆದೆ.

ಬಲ್ಬಿನ ಬದಲು ಇಡೀ 7 ಇಂಚಿನ ಎಲ್‌ಇಡಿ ಯೂನಿಟ್ಟು ಹಾಕಿದೆ. ಅದರ ಲೆನ್ಸು, ರಿಫ್ಲೆಕ್ಟರು ಎಲ್ಲ ಎಲ್‌ಇಡಿಗೆಂದೇ ಮಾಡಿದ್ದು. ಲೆನ್ಸಿನ ಮೇಲೆ ವೃತ್ತದೊಳಗೆ ಇ ಅಕ್ಷರದ ಗುರುತು (ರಸ್ತೆ ಬಳಕೆಗೆ ಒಪ್ಪಿಗೆ ಸಿಕ್ಕಿದೆ ಅನ್ನುವ ಗುರುತು) ಇದೆಯೇ ಅಂತ ನೋಡಿ ತೆಗೆದುಕೊಂಡೆ. ಎಡಬದಿ ಓಡಿಸುವ ರಸ್ತೆಗೂ ಬಲಬದಿ ಓಡಿಸುವ ರಸ್ತೆಗೂ ಲೈಟು ಬೇರೆ ಬೇರೆ, ಅದನ್ನೂ ನೋಡಬೇಕು. ಹಿಂದುಗಡೆ ಬಿಸಿ ಹೊರಹಾಕುವ ಹೀಟ್‌ಸಿಂಕು ಹೆಡ್‌ಲೈಟಿನ ಬಕೆಟ್ಟಿನ ಒಳಗೆ ಹಿಡಿಸುತ್ತದೆಯೇ ಅಂತ ಮೊದಲೇ ಅಳೆಯಿರಿ. ಬೆಳಕಿನ ಬಣ್ಣ 5000 ಕೆಲ್ವಿನ್ (ಬಿಳಿ; ಸಂಖ್ಯೆ ಏರಿದಷ್ಟೂ ನೀಲಿ) ಆರಿಸಿದೆ. ಅದಕ್ಕಿಂತ ನೀಲಿ ಕಡೆ ಹೋದರೆ ಧೂಳಿನಲ್ಲಿ, ಮಂಜಿನಲ್ಲಿ ಬೆಳಕೆಲ್ಲ ವಾಪಸ್ ಕಣ್ಣಿಗೇ ಬಂದು ಚುಚ್ಚುತ್ತದೆ ಅನ್ನುವುದು ನನ್ನ ಅನುಭವ. ಹಿಮ ಬೀಳುವ ಜಾಗದಲ್ಲಿ ಓಡಿಸುವವರು ಇನ್ನೊಂದು ಯೋಚಿಸಬೇಕು. ಎಲ್‌ಇಡಿಯ ಲೆನ್ಸು ಹ್ಯಾಲೊಜೆನ್ನಿನಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಮೇಲೆ ಕೂತ ಹಿಮ ತಾನಾಗಿ ಕರಗುವುದು ಕಷ್ಟ.

ಇನ್ನು ಲೈಟಿನ ಎತ್ತರ ಕೂರಿಸುವುದು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿದೆ. ಟೈರಿಗೆ ಸರಿಯಾದ ಗಾಳಿ, ಹಿಂದೆ ಪ್ರಯಾಣದ ಸಾಮಾನು, ಡ್ರೈವರ್ ಸೀಟಿನಲ್ಲಿ ಗೆಳೆಯ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಕೂರಿಸಿದ ಲೈಟು ಸಾಮಾನು ತುಂಬಿದಾಗ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಲೈಟಿನ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಟೇಪಿನಲ್ಲಿ ಗುರುತು ಮಾಡಿ, ಲೋ ಬೀಮಿನ ಮೇಲಂಚು ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವವರೆಗೆ ಸ್ಕ್ರೂ ತಿರುಗಿಸಿದೆ. ಒಂದು ಲೈಟು ಕೂರಿಸುವಾಗ ಇನ್ನೊಂದಕ್ಕೆ ದಪ್ಪ ಬಟ್ಟೆ ಮುಚ್ಚಬೇಕು.

ಹಳೆಯ ವೈರಿಂಗನ್ನು ಎಲ್ಲೂ ಕತ್ತರಿಸಿರಲಿಲ್ಲ. ಕರಗಿದ ಹೋಲ್ಡರನ್ನು ಮಾತ್ರ ಬದಲಿಸಿದ್ದೆ. ಅದು ಒಂದು ಸಲ ಉಪಯೋಗಕ್ಕೆ ಬಂತು. ಹೊಳೆ ದಾಟಿದ ಮೇಲೆ ಲೋ ಬೀಮಿನ ರಿಲೇಗೆ ನೀರು ನುಗ್ಗಿ ಲೈಟು ಆರಿಹೋಯಿತು. ಬಾನೆಟ್ ಎತ್ತಿ, ಹಳೆಯ ಹೋಲ್ಡರನ್ನೇ ನೇರ ಲೈಟಿಗೆ ಸಿಕ್ಕಿಸಿದೆ. ಎಲ್‌ಇಡಿ ಎಳೆಯುವ ಕರೆಂಟು ಕಮ್ಮಿ, ಹಳೆಯ ವೈರಿಗೂ ಭಾರವಾಗಲಿಲ್ಲ. ಅವತ್ತು ಇಳಿಯಬೇಕಾಗಿದ್ದದ್ದು ಅದೇ ಕಲ್ಲಿನ ಇಳಿಜಾರು. ಗೆಳೆಯ ಸೀಟಿನಲ್ಲೇ ಕೂತು ಬಂದ.