ಎರಡು ಲಿಂಕ್ ಇದ್ದರೂ ಒಂದೇ ತುಂಬುತ್ತಿತ್ತು

ಎರಡು ರೂಟರ್‌ಗಳ ನಡುವೆ ಒಂದೇ ಕಾಸ್ಟ್‌ನ (ರೂಟರ್ ಲೆಕ್ಕದಲ್ಲಿ ಸಮಾನವಾದ) ಎರಡು ಲಿಂಕ್ ಇದ್ದವು. ಯೂನಿಕಾಸ್ಟ್ (ಒಬ್ಬರಿಂದ ಒಬ್ಬರಿಗೇ ಹೋಗುವ) ಟ್ರಾಫಿಕ್ ಎರಡರಲ್ಲೂ ಹಂಚಿಕೊಂಡು ಹೋಗುತ್ತಿತ್ತು. ಆದರೆ ಒಂದೇ ಎನ್‌ಕೋಡರ್‌ನಿಂದ ಹೊರಡುವ 12 ಮಲ್ಟಿಕಾಸ್ಟ್ (ಒಬ್ಬರಿಂದ ಹಲವರಿಗೆ ಹೋಗುವ) ವಿಡಿಯೊಗಳು ಮಾತ್ರ ಎಲ್ಲವೂ ಒಂದೇ ಲಿಂಕ್ ಹಿಡಿದಿದ್ದವು. ಆ ಲಿಂಕ್ ತುಂಬಿ ಪ್ಯಾಕೆಟ್ ಡ್ರಾಪ್ ಆಗುತ್ತಿತ್ತು, ಚಿತ್ರ ಒಡೆಯುತ್ತಿತ್ತು. ಪಕ್ಕದ ಲಿಂಕ್ ಸುಮ್ನೆ ಖಾಲಿ ಕೂತಿತ್ತು.

ಟ್ರಾಫಿಕ್ ಕಳಿಸುವುದು ಸೋರ್ಸ್ (ಎನ್‌ಕೋಡರ್) ಕಡೆಯ ರೂಟರ್ ಅಲ್ವಾ, ಅಲ್ಲೇ ಸರಿಪಡಿಸೋಣ ಅಂದುಕೊಂಡೆ. ಅಲ್ಲಿ ಸೆಟ್ಟಿಂಗ್ ಬದಲಿಸಿ ಅರ್ಧ ದಿನ ಕಳೆದೆ. ಏನೂ ಆಗಲಿಲ್ಲ.

ಕಣ್ಣು ತೆರೆಸಿದ್ದು ಎಂಟ್ರೇಸ್, ಮಲ್ಟಿಕಾಸ್ಟ್ ಬರುವ ದಾರಿ ತೋರಿಸುವ ಕಮಾಂಡ್. ಸೋರ್ಸ್, ರಿಸೀವರ್, ಗ್ರೂಪ್ (ಪ್ರತಿ ವಿಡಿಯೊಗೂ ಬೇರೆ ಇರುವ ಮಲ್ಟಿಕಾಸ್ಟ್ ವಿಳಾಸ) ಮೂರೂ ಕೊಟ್ಟು ಓಡಿಸಿದೆ. ಉತ್ತರದಲ್ಲಿ ಹಾಪ್‌ಗಳ (ದಾರಿಯ ಹಂತಗಳ) ಲೆಕ್ಕ 0, -1, -2 ಎಂದು ಇತ್ತು. ರಿಸೀವರ್ ಸೊನ್ನೆ, ಅಲ್ಲಿಂದ ಒಂದೊಂದೇ ಹೆಜ್ಜೆ ಸೋರ್ಸ್ ಕಡೆಗೆ ಹಿಂದೆ. ಪಿಮ್ ಜಾಯಿನ್, ಅಂದರೆ ರೂಟರ್‌ಗಳು ಮಲ್ಟಿಕಾಸ್ಟ್ ಬೇಕೆಂದು ಕಳಿಸುವ ಕೋರಿಕೆ, ಹೋಗುವುದೂ ಹೀಗೆಯೇ. ಕೆಳಗಿನ (ರಿಸೀವರ್ ಕಡೆಯ) ರೂಟರ್ ಯಾವ ಲಿಂಕ್ ಮೇಲೆ ಜಾಯಿನ್ ಕಳಿಸುತ್ತದೋ ಅದೇ ಲಿಂಕ್‌ನಲ್ಲಿ ಟ್ರಾಫಿಕ್ ಇಳಿದು ಬರುತ್ತದೆ. ಬೇರೆ ಲಿಂಕ್‌ನಲ್ಲಿ ಬಂದರೆ ಆರ್‌ಪಿಎಫ್ ಚೆಕ್ (ಸೋರ್ಸ್ ಕಡೆಗಿನ ಸರಿಯಾದ ಲಿಂಕ್‌ನಲ್ಲೇ ಬಂತೇ ಎಂಬ ಪರೀಕ್ಷೆ) ಅದನ್ನು ಬಿಸಾಡುತ್ತದೆ. ಅಂದರೆ ದಾರಿ ಆರಿಸುವುದು ಕೊಡುವವನಲ್ಲ, ಕೇಳುವವನು. ನಾನು ಇಷ್ಟು ಹೊತ್ತು ತಪ್ಪು ರೂಟರ್ ಮುಂದೆ ಕೂತಿದ್ದೆ.

ರಿಸೀವರ್ ಕಡೆಯ ರೂಟರ್‌ನಲ್ಲಿ, ಸೋರ್ಸ್ ಕಡೆಗೆ ಯಾವ ನೆರೆಯನನ್ನು ಆರಿಸಿದೆ ಎಂದು ತೋರಿಸುವ 'ಶೋ ಐಪಿ ಆರ್‌ಪಿಎಫ್' ಕೊಟ್ಟೆ. ನೆರೆಯ ರೂಟರ್‌ನ ವಿಳಾಸ ಒಂದು ಲಿಂಕ್‌ನಲ್ಲಿ 10.1.1.1, ಇನ್ನೊಂದರಲ್ಲಿ 10.1.2.1. ಪ್ರತಿ ಸಲವೂ ಉತ್ತರ 10.1.2.1. ಸಮಾನ ದಾರಿಗಳಿದ್ದರೆ ಸಿಸ್ಕೋ ಐಓಎಸ್ (ನಮ್ಮ ರೂಟರ್‌ನ ಸಾಫ್ಟ್‌ವೇರ್) ತಾನಾಗಿಯೇ ದೊಡ್ಡ ಐಪಿ ಇರುವ ಪಿಮ್ ನೆರೆಯನನ್ನು ಹಿಡಿಯುತ್ತದೆ. ಕಾರಣ ಅಷ್ಟೇ.

ಅಲ್ಲಿ, ಸಮಾನ ದಾರಿಗಳಲ್ಲಿ ಮಲ್ಟಿಕಾಸ್ಟ್ ಹಂಚುವ 'ಐಪಿ ಮಲ್ಟಿಕಾಸ್ಟ್ ಮಲ್ಟಿಪಾತ್' ಹಾಕಿದೆ. ಆಗಲೂ 12 ವಿಡಿಯೊಗಳು ಒಟ್ಟಿಗೇ ಇದ್ದವು! ಈ ಕಮಾಂಡ್ ಹ್ಯಾಶ್ ಮಾಡುವುದು (ಲೆಕ್ಕ ಹಾಕಿ ಲಿಂಕ್ ಆರಿಸಲು ಬಳಸುವುದು) ಸೋರ್ಸ್ ವಿಳಾಸವನ್ನು ಮಾತ್ರ. ನಮ್ಮಲ್ಲಿ ಸೋರ್ಸ್ ಒಂದೇ, ಹಾಗಾಗಿ ಹ್ಯಾಶ್ ಕೂಡ ಒಂದೇ. ಕೊನೆಗೆ ಅದರ ಜೊತೆ 'ಎಸ್-ಜಿ-ಹ್ಯಾಶ್ ಬೇಸಿಕ್' ಸೇರಿಸಿದೆ. ಈಗ ಗ್ರೂಪ್ ವಿಳಾಸವೂ ಲೆಕ್ಕಕ್ಕೆ ಬಂತು. ಒಂದು ಲಿಂಕ್‌ಗೆ 7, ಇನ್ನೊಂದಕ್ಕೆ 5. ಚಿತ್ರ ಒಡೆಯುವುದು ನಿಂತಿತು.

7-5 ಯಾಕೆ, 6-6 ಯಾಕಿಲ್ಲ ಅಂತ ಕೇಳಬಹುದು. ಇದು ಸ್ಟ್ರೀಮ್‌ಗಳನ್ನು ಹಂಚುತ್ತದೆ, ಭಾರವನ್ನು ತೂಗಿ ನೋಡುವುದಿಲ್ಲ. ಒಂದು ಸ್ಟ್ರೀಮ್ ಎಷ್ಟೇ ದೊಡ್ಡದಿರಲಿ, ಅದು ಒಂದೇ ಲಿಂಕ್‌ನಲ್ಲಿ ಹೋಗುತ್ತದೆ. ಸ್ಟ್ರೀಮ್‌ಗಳು ಕಡಿಮೆ ಇದ್ದಷ್ಟೂ ಏರುಪೇರು ಜಾಸ್ತಿ.

ರೂಟರ್‌ಗಳು ಒಂದರ ಹಿಂದೆ ಒಂದು ಹಲವು ಹಂತ ಇದ್ದರೆ 'ಬೇಸಿಕ್' ಬೇಡ. ಎಲ್ಲ ಹಂತದಲ್ಲೂ ಒಂದೇ ಲೆಕ್ಕ ನಡೆದು, ಮೇಲಿನ ಹಂತದಲ್ಲಿ ಮತ್ತೆ ಕೆಲವು ಲಿಂಕ್ ಖಾಲಿ ಉಳಿಯುತ್ತವೆ. ಅಂಥ ಕಡೆ 'ನೆಕ್ಸ್ಟ್-ಹಾಪ್-ಬೇಸ್ಡ್' ಹಾಕಿ, ಅದು ನೆಕ್ಸ್ಟ್ ಹಾಪ್ (ದಾರಿಯ ಮುಂದಿನ ರೂಟರ್) ವಿಳಾಸವನ್ನೂ ಹ್ಯಾಶ್‌ಗೆ ಸೇರಿಸುತ್ತದೆ. ಟ್ರಾಫಿಕ್ ಕಡಿಮೆ ಇರುವ ಹೊತ್ತಲ್ಲೇ ಬದಲಿಸಿ, ಯಾಕೆಂದರೆ ಹರಿಯುತ್ತಿರುವ ಸ್ಟ್ರೀಮ್‌ಗಳು ಲಿಂಕ್ ಬದಲಿಸುತ್ತವೆ. ಆಮೇಲೆ 'ಶೋ ಐಪಿ ಆರ್‌ಪಿಎಫ್' ನೋಡುವಾಗ ಸೋರ್ಸ್ ಜೊತೆ ಗ್ರೂಪ್ ವಿಳಾಸವನ್ನೂ ಕೊಡಿ. ಬರೀ ಸೋರ್ಸ್ ಕೊಟ್ಟರೆ ಯಾವ ಸ್ಟ್ರೀಮ್ ಎಲ್ಲಿ ಹೋಗುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ.